ಗಾಜು ಉಜ್ಜಿದ ಕೈ

“ಹೋದ ಕೈ ವಾಪಸ್ ಬಂತಾ, ಇಲ್ವಾ?”

ಫುಸಾಯೆ ಕೇಳಿದ್ದು ಯಾರನ್ನೂ ಅಲ್ಲ. ಮುಂದಿನ ಟ್ರೇಯಲ್ಲಿ ಅವಳು ಬೆಳಗಿನಿಂದ ಉಜ್ಜಿದ ಗಾಜುಗಳು ಸಾಲಾಗಿ ನಿಂತಿದ್ದವು. ಎಷ್ಟು ದಿಟ್ಟಿಸಿದರೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು.

“ಯಾರ ಕೈ? ಸಾಕೆ ಹೆಂಡದ ಬಟ್ಟಲಿಗೆ ಹೋದ ಗಂಡನ ಕೈಯಾ?” ಪಕ್ಕದ ಮೇಜಿನ ಸುಮಿಕೊ ನಕ್ಕಳು. “ಅದು ವಾಪಸ್ ಬಂದಿದ್ದು ನಾನಂತೂ ನೋಡಿಲ್ಲಪ್ಪ.”

ಫುಸಾಯೆಗೆ ನಗು ಬರಲಿಲ್ಲ. ಅದನ್ನು ಮಾಡುವ ಕಾರ್ಖಾನೆಯಿದ್ದ ಜಪಾನಿನ ನಾರಾ ಪಟ್ಟಣದಲ್ಲೂ ಜೇಬಿನ ಕ್ಯಾಲ್ಕುಲೇಟರ್ ಇನ್ನೂ ಹೊಸತು. ಅದರಲ್ಲಿ ಅಂಕಿ ಮೂಡುವ ಗಾಜನ್ನು ಹತ್ತಿಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುವುದು ಅವಳ ಕೆಲಸ. ಒಂದು ಸಲ ಉಜ್ಜಿದರೆ ಬಾಯಲ್ಲಿ ಒಂದು ಬುದ್ಧನಾಮ; ಬಟ್ಟೆ ಎತ್ತಿ, ಮತ್ತೆ ಮೊದಲಿನಿಂದ. ಆಮೇಲೆ ಎರಡು ಗಾಜುಗಳ ನಡುವೆ ದ್ರವಸ್ಫಟಿಕ ತುಂಬುತ್ತಾರೆ. ನೀರಿನಂತೆ ಹರಿದರೂ ಅದಕ್ಕೆ ಹರಳಿನ ಶಿಸ್ತು: ಬಟ್ಟೆ ಹೋದ ದಾರಿಯಲ್ಲೇ ಅದರ ಕಣಗಳು ಮೈಚಾಚುತ್ತವೆ. ಫುಸಾಯೆಯ ಗಾಜಿನ ಮೇಲೆ ಉದ್ದಕ್ಕೆ, ಸುಮಿಕೊಳ ಗಾಜಿನ ಮೇಲೆ ಅಡ್ಡಕ್ಕೆ; ನಡುವಿನವು ಸುತ್ತುಮೆಟ್ಟಿಲಿನಂತೆ ತಿರುಗುತ್ತ ಬೆಳಕನ್ನು ಕೈಹಿಡಿದು ಇಳಿಸುತ್ತವೆ. ವಿದ್ಯುತ್ತು ಮುಟ್ಟಿದಲ್ಲಿ ಎದ್ದು ನಿಲ್ಲುತ್ತವೆ. ಬೆಳಕಿನ ದಾರಿ ಕಡಿದು ಅಂಕಿ ಕಪ್ಪಗೆ ಮೂಡುತ್ತದೆ. ಬಟ್ಟೆ ಹಿಂದಕ್ಕೂ ಬಂದಿತೋ, ಕಣಗಳು ದಿಕ್ಕುಗೆಟ್ಟು ಅಂಕಿಯ ಮೇಲೆ ಮೋಡದಂಥ ಕಲೆ.

ಇವತ್ತು ಅಜ್ಜಿಯ ತಿಥಿ. ಬೆಳಗ್ಗೆ ಮನೆಯ ಬುದ್ಧನ ಗೂಡನ್ನು ಅಜ್ಜಿ ಕಲಿಸಿದ ಹಾಗೆ ಹಿಂದೆ ಮುಂದೆ ತಿಕ್ಕಿ ಬೆಳಗಿ ಬಂದಿದ್ದಳು. ಅಲ್ಲೂ ಬಾಯಲ್ಲಿ ಅದೇ ನಾಮ. ಇಲ್ಲಿ ಕೈಯೂ ಅದೇ ದಾರಿ ಹಿಡಿಯಿತೆ? ಎಷ್ಟು ಗಾಜುಗಳ ಮೇಲೆ?

ಹೋದ ತಿಂಗಳು ಅವಳ ಟ್ರೇ ಒಂದು ಕೈಜಾರಿ ಬಿದ್ದು ಕೆಟ್ಟಾಗಲೇ ಮೇಸ್ತ್ರಿ ನಿಶಿವಾಕಿ ಹೇಳಿದ್ದ: ಇನ್ನೊಂದು ಕೆಟ್ಟರೆ ಡಬ್ಬಿ ಕಟ್ಟಲು ಹೋಗಬೇಕು. ಸುಮ್ಮನಿದ್ದುಬಿಟ್ಟರೆ? ಜೋಡಿಸಿ ಮುಚ್ಚಿದ ಮೇಲೆ ಕಲೆ ಯಾರ ಕೈಯದೆಂದು ಯಾರು ಬಲ್ಲರು? ಬೈಗುಳದಲ್ಲಿ ಅರ್ಧ ಸುಮಿಕೊಳ ಪಾಲಿಗೆ. ಫುಸಾಯೆ ಎದ್ದಳು, ಕೂತಳು, ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದಳು.

ನಿಶಿವಾಕಿ ಬಂದೇಬಿಟ್ಟ. “ಫುಸಾಯೆ-ಸಾನ್, ತುಂಬೋರು ಕಾಯ್ತಾ ಇದಾರೆ. ಟ್ರೇ ಕೊಡಿ.”

“ಇದನ್ನ ತೊಳೆದು ಮತ್ತೆ ಉಜ್ಜಬೇಕು. ನನ್ನ ಕೈ ಹಿಂದಕ್ಕೂ ಬಂದಿರಬೇಕು.”

ಸುಮಿಕೊಳ ನಗು ನಿಂತಿತು.

“ಬಂದಿರಬೇಕು ಅಂದ್ರೆ? ನೀವೇನು ಕಣ್ಣಾರೆ ನೋಡಿದ್ರಾ?” ನಿಶಿವಾಕಿ ದನಿ ತಗ್ಗಿಸಿದ. “ಡಬ್ಬಿ ಕಟ್ಟೋ ಕಡೆ ಚಳಿ ಕಾಯಿಸೋಕೆ ಒಲೆ ಕೂಡ ಇಲ್ಲ, ಗೊತ್ತಲ್ಲ? ನಾನು ಕೇಳಿಸ್ಕೊಂಡಿಲ್ಲ, ನೀವು ಹೇಳಿಲ್ಲ. ಕೊಡಿ.”

‘ಸ್ವಲ್ಪ ಕಷ್ಟ’ ಎಂದು ತಲೆಬಾಗಿದ್ದರೂ ಆಗುತ್ತಿತ್ತು. ಇಲ್ಲ ಅನ್ನುವ ಬದಲು ಎಲ್ಲರೂ ಹಾಗೇ ಹೇಳುವುದು. ಫುಸಾಯೆ ಟ್ರೇಯನ್ನು ತನ್ನತ್ತ ಎಳೆದುಕೊಂಡಳು.

“ಕೊಡಲ್ಲ.”