ಲೆಕ್ಕಕ್ಕೆ ಬಂದ ಕೈ

"ಲೇ, ಆ ನೀಲಿ ಕೋಟು ಬಿಚ್ಚಿ ಕುರ್ಚಿ ಕೆಳಗೆ ತುರುಕೇ. ಗುಡಿಸೋ ಮುಂಡೇರು ಅಂತ ಫೋಟೋದಲ್ಲಿ ಗೊತ್ತಾಗಬಾರ್ದು."

ಹೀಗೆಂದವನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷ. ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವನಿರಬೇಕು. ನಾನು ಆಗಷ್ಟೇ ಮೂರನೇ ಮಹಡಿಯ ಕಕ್ಕಸು ತೊಳೆದು ಬಂದಿದ್ದೆ. ಕೈಯಲ್ಲಿ ಫಿನಾಯಿಲ್ ವಾಸನೆ ಹಾಗೇ ಇತ್ತು. ಕೋಟು ಬಿಚ್ಚಿ ಮುದುರಿ ಕುರ್ಚಿಯ ಕೆಳಗಿಟ್ಟೆ.

ವೇದಿಕೆಯ ಮೇಲೆ ಉದ್ದದ ಬ್ಯಾನರು: 'ನಿಮ್ಮ ಮಾತು, ನಮ್ಮ ಕಿವಿ'. ಕಿವಿಯೇನೋ ಬಂದು ಕೂತಿತ್ತು, ಮಾತಾಡುವವರು ಬಂದಿರಲಿಲ್ಲ. ಎಪ್ಪತ್ತು ಜನ ಸೇರದಿದ್ದರೆ ಸಭೆ ಊರ್ಜಿತವಲ್ಲವಂತೆ, ಬಂದವರು ಐವತ್ತೆರಡು. ಉಳಿದ ಹದಿನೆಂಟು ಕುರ್ಚಿ ತುಂಬಲು ಸೂಪರ್‌ವೈಸರ್ ನಮ್ಮನ್ನು ಅಟ್ಟಿದ್ದ. ಹಿಂದಿನ ಎರಡು ಸಾಲು ಪೂರ್ತಿ ನಾವೇ. ನನ್ನ ಪಕ್ಕ ತೋಟದ ಮಾಲಿ, ಅವನೂ ಕೋಟು ಬಿಚ್ಚಿಟ್ಟು, ಉಗುರಿನ ಸಂದಿಯ ಮಣ್ಣು ಕೆರೆಯುತ್ತ ಕೂತಿದ್ದ.

"ಕಾರ್ಯದರ್ಶಿ ಪೆನ್ನು ಎತ್ತಿದ್ರೆ ಕೈ ಎತ್ಬೇಕು, ಇಳಿಸಿದ್ರೆ ಇಳಿಸ್ಬೇಕು, ಅಷ್ಟೇ. ಬಾಯಿ ಬಿಟ್ರೋ, ನಾಳೆಯಿಂದ ಕೆಲ್ಸಕ್ಕೆ ಬರ್ಬೇಡಿ" ಎಂದು ಸೂಪರ್‌ವೈಸರ್ ಹೇಳಿ ಬಾಗಿಲ ಬಳಿ ನಿಂತ.

"ನಮ್ಮಪ್ಪನಾಣೆ, ಇಪ್ಪತ್ತು ವರ್ಷ ಆಯ್ತು, ಇವತ್ತೇ ನೋಡಕ್ಕ ಇಲ್ಲಿ ಕುರ್ಚಿ ಮೇಲೆ ಕೂತಿದ್ದು" ಎಂದು ಮಾಲಿ ಪಿಸುಗುಟ್ಟಿದ. ನನಗೆ ನಗು ಬರಲಿಲ್ಲ. ಮೂರನೇ ಸಾಲಿನಲ್ಲಿ ನನ್ನ ಮಗಳು ಕೂತಿದ್ದಳು.

ಅವಳು ಇಲ್ಲೇ ಓದುತ್ತಾಳೆ, ಎರಡನೇ ವರ್ಷ. 'ಕಾಲೇಜಲ್ಲಿ ನನ್ನ ಮಾತಾಡಿಸ್ಬೇಡ ಅಮ್ಮ' ಎಂದು ಮೊದಲ ದಿನವೇ ಕೈಮುಗಿದಿದ್ದಳು. ಎರಡು ವರ್ಷ ನಾನು ಅವಳ ಕಾಲ ಪಕ್ಕದಲ್ಲೇ ಕಸ ಗುಡಿಸಿಕೊಂಡು ಹೋಗಿದ್ದೇನೆ, ತಲೆ ಎತ್ತಿಲ್ಲ. ಮನೆಯಲ್ಲಿ ಒಂದೇ ಕೋಣೆ, ಐದು ಜನ, ಜೊತೆಗೆ ಅತ್ತೆಯ ಕೆಮ್ಮು. ಇನ್ನು ಮೂರು ವಾರಕ್ಕೆ ಪರೀಕ್ಷೆ. ಅವಳು ಪುಸ್ತಕ ಬಿಚ್ಚುವುದಕ್ಕೆ ಇರುವುದೇ ಇಲ್ಲಿನ ಓದುವ ಕೋಣೆ.

ಕಾರ್ಯದರ್ಶಿ ಓದಿದ: "ನಿರ್ಣಯ ಒಂದು. ನೆಲಮಹಡಿಯ ಹದಿನಾಲ್ಕನೇ ಕೊಠಡಿಯನ್ನು ವಿದ್ಯಾರ್ಥಿ ಸೇವಾ ಕೇಂದ್ರವಾಗಿ ಪರಿವರ್ತಿಸುವುದು."

ಪೆನ್ನು ಮೇಲೆದ್ದಿತು. ನಾನು ಕೈ ಎತ್ತಿದೆ.

ಗುಡಿಸುವವರಿಗೆ ಕೋಣೆಗಳ ನಂಬರು ಯಾರು ಹೇಳುತ್ತಾರೆ? ಸಿಕ್ಕುವ ಕಸದಿಂದಲೇ ನಮಗೆ ಕೋಣೆಯ ಗುರುತು. ಸಿಗರೇಟು ತುಂಡಿನ ಕೋಣೆ ಎಂದರೆ ಸಂಘದ ಆಫೀಸು. ಪೆನ್ಸಿಲ್ ಹೊಟ್ಟಿನ ಕೋಣೆ ಎಂದರೆ ಮಕ್ಕಳು ಓದುವುದು. ಹದಿನಾಲ್ಕು ಯಾವುದೋ, ಯಾರಪ್ಪನ ಗಂಟು ಹೋಯಿತು ಎಂದುಕೊಂಡೆ.

ಮಗಳು ಎದ್ದು ನಿಂತಳು. "ಸಾರ್, ಅದು ನಾವು ಓದೋ ಕೋಣೆ. ಮನೇಲಿ ಜಾಗ ಇಲ್ದೋರು ಎಲ್ಲಿಗೆ ಹೋಗ್ಬೇಕು? ಸಲಹೆ ಪೆಟ್ಟಿಗೇಲಿ ನಾಲ್ಕು ಸಲ ಬರ್ದು ಹಾಕಿದೀನಿ."

ಆ ಪೆಟ್ಟಿಗೆಯ ಕಾಗದವನ್ನೆಲ್ಲ ಪ್ರತಿ ಶನಿವಾರ ಕಸದ ಗಾಡಿಗೆ ಸುರಿಯುತ್ತಿದ್ದವಳು ನಾನೇ. ಅದು ಅಧ್ಯಕ್ಷನ ಅಪ್ಪಣೆ.

"ಸೇವಾ ಕೇಂದ್ರ ನಿಮಗೋಸ್ಕರಾನೇ ಕಣಮ್ಮ. ಸೋಫಾ ಹಾಕಿಸ್ತೀವಿ, ಎ.ಸಿ. ಹಾಕಿಸ್ತೀವಿ, ಬಂದು ಕಷ್ಟ ಹೇಳ್ಕೊಳ್ಳಿ" ಎಂದು ಅಧ್ಯಕ್ಷ ನಕ್ಕ. "ನೋಡು ಹಿಂದೆ ತಿರುಗಿ, ಎಷ್ಟು ಕೈ ಮೇಲಿದೆ."

ಅವಳು ತಿರುಗಿದಳು. ನನ್ನ ಕೈ ಇನ್ನೂ ಮೇಲೇ ಇತ್ತು.

ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು, ಕೂತುಬಿಟ್ಟಳು. ಅಷ್ಟು ಹೊತ್ತಿಗೆ ಕಾರ್ಯದರ್ಶಿ ನಮ್ಮ ಸಾಲು ಎಣಿಸಿ ಮುಗಿಸಿದ್ದ. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ.

"ನನ್ನ ಕೈ ವಾಪಸ್ ಕೊಡಿ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಗಿಲಿನಿಂದ ಸೂಪರ್‌ವೈಸರ್ ಹಲ್ಲು ಕಡಿದ: "ಮುಚ್ಕೊಂಡ್ ಕೂತ್ಕೊಳ್ಳೇ!"

"ಆ ಲೆಕ್ಕದಿಂದ ನನ್ನ ಕೈ ತೆಗೀರಿ ಅಂದೆ. ಕೇಳಿಸ್ಲಿಲ್ವಾ? ಕಿವಿ ಅಂತ ಬರ್ಸಿದೀರಲ್ಲ ಅಷ್ಟುದ್ದ!"

ಅಧ್ಯಕ್ಷನ ಮುಖ ಕೆಂಪಾಯಿತು. "ಸಭೇಲಿ ಮಾತಾಡೋಕೆ ನೀನ್ಯಾರೇ? ನೀನೇನು ಸ್ಟೂಡೆಂಟಾ?"

"ಅಲ್ಲ. ನೀನು ಉಚ್ಚೆ ಹೊಯ್ದು ನೀರು ಹಾಕ್ದೆ ಹೋಗ್ತೀಯಲ್ಲ, ಅದನ್ನ ತೊಳಿಯೋಳು. ಸ್ಟೂಡೆಂಟ್ ಅಲ್ಲ ಅಂದ್ರೆ ನನ್ನ ಕೈ ಯಾಕೋ ಎಣಿಸ್ದೆ, ಬೋಳಿಮಗನೆ?"

ಫೋಟೋದವನು ಕ್ಯಾಮೆರಾ ಎತ್ತಿದ. "ಫೋಟೋ ಬೇಡ! ಬೇಡ!" ಎಂದು ಅಧ್ಯಕ್ಷ ಕೂಗಿದ.

ನಾಳೆ ಕೆಲಸ ಇರುವುದಿಲ್ಲ, ಅದು ಗೊತ್ತಾಗಿಹೋಗಿತ್ತು. ಬಗ್ಗಿ ಕುರ್ಚಿಯ ಕೆಳಗಿನಿಂದ ಕೋಟು ಎಳೆದುಕೊಂಡೆ. ಧೂಳು ಕೊಡವಿ ತೋಳು ತೂರಿಸಿದೆ. ಗುಂಡಿ ಹಾಕುವಾಗ ಎರಡನೆಯದು ತಪ್ಪು ತೂತಿಗೆ ಹೋಯಿತು. ಮೂರನೇ ಸಾಲಿನಿಂದ ಯಾರೋ ಎದ್ದು ನನ್ನ ಕಡೆ ಬರುತ್ತಿದ್ದರು. ಮಗಳೇ ಬಂದು ಆ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು.

"ಅಮ್ಮ," ಎಂದಳು, ಇಡೀ ಸಭೆಗೆ ಕೇಳುವಂತೆ. "ನಿಂತ್ಕೋ, ಕೂತ್ಕೋಬೇಡ."

ನಾನು ಕಾರ್ಯದರ್ಶಿಯ ಕಡೆ ತಿರುಗಿದೆ. "ಈಗ ಎಣ್ಸು."

ಅವನ ಪೆನ್ನು ಮೇಲೆ ಏಳಲಿಲ್ಲ. ನನ್ನ ಪಕ್ಕದಲ್ಲೋ ಹಿಂದೆಯೋ ಕುರ್ಚಿ ಸರಿದ ಸದ್ದಾಯಿತು, ಯಾರೋ ಕೋಟು ಕೊಡವಿದರು. ಮಾಲಿಯೊಬ್ಬನೇ ಇರಬಹುದು. ನಾನು ತಿರುಗಿ ನೋಡಲಿಲ್ಲ.