ಕೆಲಸದ ಕಣ್ಣು

ನನ್ನ ಗಂಡ ಗಡಿಯಾರ ರಿಪೇರಿಯವರು. ನಲವತ್ತು ವರ್ಷದಿಂದ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿಕೊಂಡು ಮೇಜಿನ ಮೇಲೆ ಬಗ್ಗಿದವರು. ಬಲಗಣ್ಣು ದುಡಿಯೋದು, ಎಡಗಣ್ಣು ಕೂತು ತಿನ್ನೋದು ಅಂತ ಅವರೇ ತಮಾಷೆ ಮಾಡುತ್ತಿದ್ದರು.

ಆ ಎರಡೂ ಕಣ್ಣಿನಲ್ಲಿ ಒತ್ತಡ ಏರಿದೆ, ಇದು ಗ್ಲಾಕೋಮ ಎಂದರು ಡಾಕ್ಟರಮ್ಮ. ದಿನಾ ಸಂಜೆ ಕಣ್ಣಿಗೊಂದು ಹನಿ ಮದ್ದು ಬರೆದರು. "ನೋವಿಲ್ಲ ಅಂತ ಬಿಡ್ಬೇಡಿ. ಇದು ಇರೋ ದೃಷ್ಟಿನ ಕಾಯುತ್ತೆ, ಹೋದದ್ದನ್ನ ವಾಪಸ್ ತರಲ್ಲ" ಅಂದರು. ನಾವಿಬ್ಬರೂ ತಲೆ ಆಡಿಸಿದೆವು. ತಲೆ ಆಡಿಸುವುದಕ್ಕೇನು ಕಷ್ಟ!

ಅವರು ಹಾಕಿಕೊಂಡರೆ ಹನಿ ಕೆನ್ನೆಗೆ ಬೀಳುತ್ತಿತ್ತು. ಹಾಗಾಗಿ ಬಾಟಲಿ ನನ್ನ ಕೈಗೆ ಬಂತು. ಎರಡನೇ ವಾರವೇ ಅವರು ಬಲಗಣ್ಣಿಗೆ ಕೈ ಅಡ್ಡ ಹಿಡಿದರು. "ಕೆಲಸದ ಕಣ್ಣಿಗೆ ಬೇಡ ಕಣೇ. ಉರಿಯುತ್ತೆ, ಮಂಜು ಕಟ್ಟುತ್ತೆ, ಆಮೇಲೆ ಒಂದು ಸ್ಕ್ರೂ ಕಾಣಲ್ಲ. ಎಡಗಣ್ಣಿಗೆ ಹಾಕು, ಸಾಕು."

ನಾನು ಅವರ ಮಾತು ಕೇಳಿದೆ. ಮನೆಯಲ್ಲಿ ಉಪ್ಪು ಹೆಚ್ಚಾದರೆ ಮೂರು ದಿನ ಜಗಳ ಆಡುವವಳು, ಇದೊಂದಕ್ಕೆ ಹೂಂ ಅಂದೆ. ತಪಾಸಣೆಗೆ ನಾಲ್ಕು ದಿನ ಇರುವಾಗ ಮಾತ್ರ ಎರಡೂ ಕಣ್ಣಿಗೆ ಹಾಕುತ್ತಿದ್ದೆ, ಪರೀಕ್ಷೆ ಹಿಂದಿನ ದಿನ ಪುಸ್ತಕ ತೆಗೆಯುವ ಮಕ್ಕಳ ಹಾಗೆ. "ಒತ್ತಡ ಚೆನ್ನಾಗಿದೆ, ಹೀಗೇ ಮುಂದುವರಿಸಿ" ಅನ್ನುತ್ತಿದ್ದರು ಡಾಕ್ಟರಮ್ಮ. ನಾವು ಹಾಗೇ ಮುಂದುವರಿಸಿದೆವು, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ವರ್ಷ ಕಳೆಯುವಷ್ಟರಲ್ಲಿ ಎಡಗಣ್ಣಿನ ರೆಪ್ಪೆಗೂದಲು ಉದ್ದಕ್ಕೆ, ಕಪ್ಪಗೆ ಬೆಳೆದವು. "ಅಣ್ಣಾ, ಎಡಗಡೆಯಿಂದ ನೋಡಿದ್ರೆ ನೀನು ಮದುಮಗಳು" ಎಂದು ನಾದಿನಿ ಛೇಡಿಸಿದಳು. ಎಲ್ಲರೂ ನಕ್ಕೆವು, ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೂರನೇ ವರ್ಷ ಅವರು ಭೂತಗನ್ನಡಿಯನ್ನು ಬೈಯತೊಡಗಿದರು. ಒರೆಸಿದ್ದೂ ಒರೆಸಿದ್ದೇ. ಹೊಸದು ತಂದರು, ಅದನ್ನೂ ಬೈದರು. ಒಂದು ದಿನ ಚಿಮಟ ಕೆಳಗಿಟ್ಟು, "ಮುಳ್ಳು ಕಾಣ್ತಿಲ್ಲ ಕಣೇ" ಅಂದರು.

ಡಾಕ್ಟರಮ್ಮ ನೋಟದ ಪರೀಕ್ಷೆ ಮಾಡಿಸಿದರು. ಕಣ್ಣಿಗೆ ಕಾಣದ ಜಾಗವೆಲ್ಲ ಕಾಗದದ ಮೇಲೆ ಕಪ್ಪಾಗಿ ಬರುತ್ತದಂತೆ. ಬಲಗಣ್ಣಿನ ಕಾಗದ ಮೂಲೆಯೊಂದು ಬಿಟ್ಟು ಪೂರ್ತಿ ಕಪ್ಪು. ಒತ್ತಡ ಸರಿ ಇದ್ದೂ ಹೀಗೇಕೆ ಎಂದು ಅವರು ಹಳೆಯ ಚೀಟಿಗಳನ್ನೆಲ್ಲ ತಿರುವಿದರು. ಆಮೇಲೆ ಟಾರ್ಚ್ ಹಿಡಿದು ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಟಾರ್ಚ್ ಆರಿಸಿ ಕೆಳಗಿಟ್ಟರು.

"ಈ ಮದ್ದು ಹಾಕಿದ ಕಣ್ಣಲ್ಲಿ ರೆಪ್ಪೆಗೂದಲು ಬೆಳೆಯುತ್ತೆ. ಬಲಗಡೆ ಬೆಳೆದೇ ಇಲ್ಲ. ಹನಿ ಹಾಕೋರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಇವರು, "ನಾನೇ ಹಾಕ್ಕೋತೀನಿ. ಇವಳಿಗೇನೂ ಗೊತ್ತಿಲ್ಲ" ಅಂದರು.

ಬೈಯಿಸಿಕೊಂಡದ್ದು ಅವರು. ಡಾಕ್ಟರಮ್ಮ ಇನ್ನೊಂದು ಹನಿ ಸೇರಿಸಿ ಬರೆದರು. ಅದು ಏನನ್ನೂ ತಂದುಕೊಡುವುದಿಲ್ಲ ಎಂದು ಮತ್ತೊಮ್ಮೆ ಹೇಳಿದರು.

ಬಸ್ಸಿನಲ್ಲಿ ಕೇಳಿದೆ, "ಯಾಕ್ರೀ ಸುಳ್ಳು ಹೇಳಿದ್ರಿ? ನನ್ನನ್ನೂ ನಾಲ್ಕು ಮಾತು ಅನ್ನಲಿ ಬಿಡಿ."

"ಇನ್ಮೇಲೂ ನೀನೇ ತಾನೇ ಹಾಕ್ಬೇಕು. ನಿನ್ನ ಕೈ ನಡುಗಿದ್ರೆ ಹೇಗೆ?"

ಎಡಗಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಂದು ತಿಂಗಳು ಹೆಣಗಿದರು. ನಲವತ್ತು ವರ್ಷದ ಕೈ ಆ ಕಣ್ಣಿನ ಮಾತು ಕೇಳಲಿಲ್ಲ. ಚಿಮಟ ಸ್ಕ್ರೂವಿನ ಪಕ್ಕಕ್ಕೇ ಇಳಿಯುತ್ತಿತ್ತು. ಬಿಚ್ಚಿಟ್ಟ ಗಡಿಯಾರಗಳನ್ನು ಡಬ್ಬಿಗಳಲ್ಲಿ ಹಾಕಿ, ಅವರವರ ಮನೆಗೆ ನಾನೇ ಹಿಂದಿರುಗಿಸಿ ಬಂದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವಂತೆ. ಈ ಗಾದೆ ಕಟ್ಟಿದವನ ಕೈಯಲ್ಲಿ ಬಾಟಲಿ ಇರಲಿಲ್ಲ.

ಈಗ ಒಂದು ಸಂಜೆಯೂ ತಪ್ಪಿಸುವುದಿಲ್ಲ. ಅವರು ಕುರ್ಚಿಗೆ ತಲೆ ಒರಗಿಸುತ್ತಾರೆ. ಬಾಟಲಿ ಹತ್ತಿರ ಬಂದದ್ದು ಕಂಡು ಎಡಗಣ್ಣು ಮಿಟುಕುತ್ತದೆ. ಬೆರಳಿನಿಂದ ರೆಪ್ಪೆ ಬಿಡಿಸಿ ಹಾಕಬೇಕು. ಬಲಗಣ್ಣಿನ ಹತ್ತಿರ ಆ ತೊಂದರೆ ಇಲ್ಲ. ಬಾಟಲಿ ತಾಗುವಷ್ಟು ಹತ್ತಿರ ಹೋದರೂ ಅದು ತೆರೆದೇ ಇರುತ್ತದೆ.