ಶಾಲು, ಸೇಬು, ಅರ್ಜಿ

ನನ್ನ ತಂಗಿ ಉಮಾದೇವಿಗೆ ತಾಳ್ಮೆ ಹೆಚ್ಚು. ನನಗೆ ಕೋಪ ಮೂಗಿನ ತುದಿಯಲ್ಲೇ. ಹಾಗಾಗಿ ಆಂಧ್ರದ ಹಿಂದೂಪುರದ ರೇಷ್ಮೆ ತರಬೇತಿ ಸಂಸ್ಥೆ ಅವಳಿಗೆ ಕೆಲಸ ಕೊಡದೆ ಹೋದಾಗ ಅವಳು ಅರ್ಜಿ ಬರೆದಳು, ನಾನು ಬೈದೆ.

ಶಿಕ್ಷಕಿ ಹುದ್ದೆಯ ಪರೀಕ್ಷೆಯನ್ನು ಅವಳು ಚೆನ್ನಾಗಿಯೇ ಬರೆದಿದ್ದಳು. ಕೆಲಸ ಸಿಕ್ಕಿದ್ದು ಮಾತ್ರ ಸಂಸ್ಥೆಯ ಕಾರ್ಯದರ್ಶಿ ಜಯರಾಮಪ್ಪನ ಸೊಸೆ ಕಲ್ಯಾಣಿಗೆ. ಇಬ್ಬರ ಅಂಕ ಎಷ್ಟೆಂದು ಉಮಾ ಮಾಹಿತಿ ಹಕ್ಕಿನಡಿ ಕೇಳಿದಳು. ‘ನಮ್ಮದು ಖಾಸಗಿ ಸಂಸ್ಥೆ, ಆ ಕಾನೂನು ನಮಗೆ ಅನ್ವಯಿಸುವುದಿಲ್ಲ’ ಎಂದು ಉತ್ತರ ಬಂತು. ಜಾಗ ಸರ್ಕಾರದ್ದು, ಕಟ್ಟಡ ಸರ್ಕಾರದ್ದು, ಸಂಬಳವೂ ಸರ್ಕಾರದ್ದೇ. ಅಲ್ಲಿ ಖಾಸಗಿಯಾಗಿದ್ದದ್ದು ಜಯರಾಮಪ್ಪನ ಮೀಸೆ ಒಂದೇ.

"ಹೋಗ್ಲಿ ಬಿಡಮ್ಮಿ, ದೊಡ್ಡೋರ ಸಾವಾಸ ನಮಗ್ಯಾಕೆ?" ಎಂದಳು ಅಮ್ಮ.

"ನಾನು ಫೇಲಾಗಿದ್ರೆ ಒಪ್ಕೊಂತೀನಿ ಕಣಮ್ಮ. ಆಗಿದ್ದೀನೋ ಇಲ್ವೋ ಗೊತ್ತಾಗ್ಬೇಕಲ್ಲ?" ಎಂದಳು ಉಮಾ.

ಪರಿಗಿಯ ನಮ್ಮ ಬೀದಿಯಲ್ಲೆಲ್ಲ ಅವಳು ದಡ್ಡಿ ಎಂಬ ಮಾತು ಹಬ್ಬಿತ್ತು. ಅದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ನಾನಂತೂ ಹಾಗೆಂದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಶಾಸಕರ ಸಮಿತಿಯೊಂದು ಕಲ್ಯಾಣದುರ್ಗಕ್ಕೆ ಬರುತ್ತದೆಂದು ತಿಳಿಯಿತು. ಸಾರ್ವಜನಿಕ ಸಂಸ್ಥೆಗಳು ಜನರಿಗೆ ಮಾಹಿತಿ ಕೊಡುತ್ತಿವೆಯೋ ಇಲ್ಲವೋ ಎಂದು ವಿಚಾರಿಸುವ ಸಮಿತಿ ಅದು. ಉಮಾ ಅದಕ್ಕೊಂದು ದೂರು ಬರೆದಳು, ವಿಚಾರಣೆಗೆ ಕರೆ ಬಂತು. ಇಬ್ಬರೂ ಬಸ್ಸು ಹತ್ತಿದೆವು.

ನಮ್ಮ ಸೀಮೆಯಲ್ಲಿ ಒಂದು ರೂಢಿಯಿದೆ. ಶಾಸಕರು ಯಾರೇ ಬರಲಿ, ಬರಿಗೈಯಲ್ಲಿ ಕಳಿಸುವುದಿಲ್ಲ. ಹೆಗಲಿಗೆ ಶಾಲು, ಕೈಗೆ ಸೇಬು, ಸೇಬಿನ ಹಿಂದೆಯೇ ಒಂದು ಅರ್ಜಿ. ಜಯರಾಮಪ್ಪ ಹೀಗೇ ಬಾಳಿ ಬದುಕಿದವನು. ತನ್ನನ್ನು ವಿಚಾರಣೆಗೆ ಕರೆದಿದ್ದಾರೆಂಬುದನ್ನೂ ಮರೆತು ಸಮಿತಿಯ ಅಧ್ಯಕ್ಷೆಗೆ ಶಾಲು ಹೊದಿಸಿ, ಸೇಬು ಕೊಟ್ಟು, ಕೈ ಮುಗಿದ.

"ಮೇಡಂಗಾರು, ಹೊಸ ಹಾಸ್ಟೆಲ್‌ಗೆ ಗ್ರಾಂಟ್ ಇಪ್ಪಿಂಚಾಲಿ. ಮಾದಿ ನೂಟಿಕಿ ನೂರು ಪ್ರಭುತ್ವ ಸಂಸ್ಥ!"

ಗ್ರಾಂಟ್ ಕೊಡಿಸಬೇಕು, ತಮ್ಮದು ನೂರಕ್ಕೆ ನೂರು ಸರ್ಕಾರಿ ಸಂಸ್ಥೆ ಎಂದು ತೆಲುಗಿನಲ್ಲಿ ಬಾಯಿ ತುಂಬ ಹೇಳಿದ. ಅಧ್ಯಕ್ಷೆ ಗಡಿಯ ಕಡೆಯವರು, ಕನ್ನಡದಲ್ಲೇ ಕೇಳಿದರು.

"ಮತ್ತೆ ಈ ಹುಡುಗಿಗೆ ಖಾಸಗಿ ಅಂತ ಯಾಕೆ ಬರೆದ್ರಿ?"

"ಅದೂ... ಗ್ರಾಂಟ್ ವಿಷ್ಯ ಬೇರೆ, ಮಾಹಿತಿ ವಿಷ್ಯ ಬೇರೆ ಮೇಡಂ."

ಸಭೆಗೆ ಸಭೆಯೇ ನಕ್ಕಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ ಮಹಾಶಯ. ಅಂಕಗಳನ್ನು ಈಗಲೇ ಹೇಳಿಸಿ ಎಂದರು ಅಧ್ಯಕ್ಷೆ. ಜಯರಾಮಪ್ಪ ಹಿಂದೂಪುರಕ್ಕೆ ಫೋನ್ ಹಚ್ಚಿದ; ಅವರು ಸ್ಪೀಕರ್ ಹಾಕಿಸಿದರು. ಸಂಸ್ಥೆಯ ಗುಮಾಸ್ತ ಈಶ್ವರನ ದನಿ ಸಭೆಯಲ್ಲೆಲ್ಲ ಕೇಳಿಸಿತು.

"ಉಮಾದೇವಿ ಎಂಬತ್ತೆಂಟು ಸಾರ್, ಫಸ್ಟು. ನಮ್ಮ ಕಲ್ಯಾಣಮ್ಮ ನಲವತ್ತೊಂದು. ಯಾರಿಗೂ ಹೇಳ್ಬೇಡ ಅಂತ ನೀವೇ ಅಂದಿದ್ರಲ್ಲ ಸಾರ್, ಈಗ್ಯಾಕೆ ಕೇಳ್ತೀರಾ?"

ನಾನು ಎದ್ದು ನಿಂತು "ಹಂಗೆ ಬಾ ದಾರಿಗೆ!" ಎಂದು ಕೂಗಿಬಿಟ್ಟೆ. ಯಾರೂ ನನ್ನನ್ನು ಕೂರಿಸಲಿಲ್ಲ. ಉಮಾ ನನ್ನ ಕೈ ಹಿಡಿದುಕೊಂಡು ಅಳುತ್ತಲೇ ನಗುತ್ತಿದ್ದಳು. ಜನ್ಮದಲ್ಲಿ ಅಷ್ಟು ಸಂತೋಷ ನಾನು ಪಟ್ಟಿರಲಿಲ್ಲ.

ಸಮಿತಿಯ ವರದಿಯ ಬೆನ್ನಿಗೇ ಕಲ್ಯಾಣಿಯ ಕೆಲಸ ಹೋಗಿ ಅದು ಉಮಾಳಿಗೆ ಸಿಕ್ಕಿತು. ಸಂಸ್ಥೆಗೊಬ್ಬ ಮಾಹಿತಿ ಅಧಿಕಾರಿಯೂ ಬೇಕಾಯಿತು. ಆ ತಲೆನೋವು ಯಾರಿಗೂ ಬೇಡವಾಗಿ ಅದನ್ನೂ ಅವಳ ತಲೆಗೇ ಕಟ್ಟಿದರು.

ಒಂದು ಮಧ್ಯಾಹ್ನ ಅವಳಿಗೆ ಬುತ್ತಿ ಕೊಡಲು ಹೋಗಿದ್ದೆ. ಬಾಗಿಲಲ್ಲಿ ಕಲ್ಯಾಣಿ ನಿಂತಿದ್ದಳು, ತಲೆ ತಗ್ಗಿಸಿಕೊಂಡು.

"ಅಕ್ಕಾ, ನನ್ನ ಪೇಪರ್ ನಾನು ನೋಡ್ಬೋದಾ? ಎಲ್ಲಿ ತಪ್ಪಾಗೈತೆ ಅಂತ ಮನೇಲಿ ಯಾರೂ ಹೇಳ್ತಿಲ್ಲ. ಇನ್ನೊಂದ್ಸಲ ಬರೀಬೇಕು ಅನ್ಕೊಂಡಿವ್ನಿ."

ನಾನಾಗಿದ್ದರೆ ನಾಲ್ಕು ಸಲ ಅಲೆಸುತ್ತಿದ್ದೆ. ಉಮಾ ಎದ್ದು ತನ್ನ ಪಕ್ಕಕ್ಕೇ ಒಂದು ಕುರ್ಚಿ ಎಳೆದು ಹಾಕಿದಳು.

"ಬಾ, ಕೂತ್ಕೊ. ನೋಡದೇ ಏನು? ಇದು ನೂರಕ್ಕೆ ನೂರು ಸರ್ಕಾರಿ ಸಂಸ್ಥೆ ಕಣಮ್ಮ. ನಿಮ್ಮ ಮಾವನೋರೇ ಹೇಳವ್ರೆ."